ಊರಿನ ಬಚ್ಚಲು, ಏಪ್ರಿಲ್ ತಿಂಗಳ ಹೊಳೆ: ಕೊಳಚೆ ಘಟಕ ನದಿಯನ್ನು ಕಾಯುವ ಬಗೆ

ಚಿಕ್ಕಮಗಳೂರಿನ ನಲ್ಲಿಗಳಲ್ಲಿ ಬರುವ ನೀರು ಎಲ್ಲಿಯದು? ಒಂದಿಷ್ಟು ಹಿರೇಕೊಳಲೆ ಕೆರೆಯದು. ಉಳಿದದ್ದು ಬೇಲೂರಿನ ಯಗಚಿ ಜಲಾಶಯದಿಂದ ಪಂಪ್ ಮಾಡಿ ತರುವುದು. ಈಗ ನಕ್ಷೆ ತೆರೆದು ನೋಡಿ. ಯಗಚಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಚಿಕ್ಕಮಗಳೂರಿನ ಮಗ್ಗುಲಲ್ಲಿ ಹಾದು ಬೇಲೂರಿನ ಕಡೆ ಇಳಿಯುತ್ತದೆ. ಊರಿನ ಇಳಿಜಾರೂ ಅದೇ ಕಡೆಗೆ. ಹಾಗಾದರೆ ಊರಿನ ಬಚ್ಚಲ ನೀರು ಹೋಗಿ ಸೇರುವ ಹೊಳೆಯೇ, ಸ್ವಲ್ಪ ಕೆಳಗೆ, ಅದೇ ಊರಿನ ಕುಡಿಯುವ ನೀರು. ಇದನ್ನು ಹೇಳಿದರೆ ಜನ ಮುಖ ಕಿವಿಚುತ್ತಾರೆ. ಆದರೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಹೊಳೆ ದಂಡೆಯ ಎಲ್ಲ ಊರುಗಳ ಕಥೆಯೂ ಇಷ್ಟೇ. ಸಕಲೇಶಪುರದ ನೀರು ಹೇಮಾವತಿಗೆ ಇಳಿಯುತ್ತದೆ, ಹೇಮಾವತಿ ಗೊರೂರಿನಲ್ಲಿ ನಿಲ್ಲುತ್ತದೆ, ಹಾಸನ ಆ ನೀರನ್ನು ಕುಡಿಯುತ್ತದೆ. ಬೇಲೂರು ದಾಟಿದ ಯಗಚಿಯೂ ಗೊರೂರಿನ ಹತ್ತಿರ ಹೇಮಾವತಿಯನ್ನೇ ಸೇರುತ್ತದೆ. ಅಲ್ಲಿಂದ ಮುಂದೆ ಕಾವೇರಿ, ಕನ್ನಂಬಾಡಿ, ಮೈಸೂರು.

ನಡುವೆ ನಿಂತು ಕಾಯಬೇಕಾದದ್ದು ಊರಿನ ಕೊಳಚೆ ನೀರು ಸಂಸ್ಕರಣಾ ಘಟಕ. ಎಸ್‌ಟಿಪಿ ಅಂತ ಎಲ್ಲರೂ ಕರೆಯುವುದು. ಇದರ ಸುದ್ದಿ ಪತ್ರಿಕೆಯಲ್ಲಿ ಬರುವುದು ಎರಡೇ ಸಲ: ಶಂಕುಸ್ಥಾಪನೆಯಾದಾಗ ಮತ್ತು ವಾಸನೆ ಬಂದಾಗ. ಇಷ್ಟು ಕೋಟಿ, ಇಷ್ಟು ಎಂಎಲ್‌ಡಿ ಅಂತ ಬರೆಯುತ್ತಾರೆ. ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ನನ್ನ ಪ್ರಕಾರ ಹೊಳೆಯ ಹಣೆಬರಹ ನಿರ್ಧಾರವಾಗುವುದು ಆ ಅಂಕಿಯಿಂದ ಅಲ್ಲವೇ ಅಲ್ಲ. ಏಪ್ರಿಲ್ ತಿಂಗಳಲ್ಲಿ, ಹೊಳೆ ಬಡವಾಗಿರುವಾಗ, ಊರಿನ ಎಷ್ಟು ಮನೆಗಳ ನೀರು ನಿಜವಾಗಿ ಆ ಘಟಕಕ್ಕೆ ಮುಟ್ಟುತ್ತದೆ ಮತ್ತು ಎಷ್ಟು ಚೊಕ್ಕವಾಗಿ ಹೊರಬರುತ್ತದೆ ಎನ್ನುವುದೇ ಮುಖ್ಯ. ಏಕೆ ಅಂತ ಲೆಕ್ಕ ಹಾಕಿ ನೋಡೋಣ.

ಹೊಳೆಗೆ ಉಸಿರುಗಟ್ಟುವುದು ಹೇಗೆ

ಕೊಳಚೆ ನೀರಿನಲ್ಲಿ ವಿಷ ಇರುತ್ತದೆ, ಅದಕ್ಕೇ ಮೀನು ಸಾಯುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮಂಥ ಸಣ್ಣ ಊರುಗಳ ಕೊಳಚೆಯಲ್ಲಿ ವಿಷಕ್ಕಿಂತ ಊಟವೇ ಜಾಸ್ತಿ. ಅನ್ನದ ಗಂಜಿ, ಎಣ್ಣೆ, ಸೋಪು, ಮಲ, ಮೂತ್ರ. ಇವೆಲ್ಲ ಹೊಳೆಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ತಿನ್ನುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ನೀರಿನಲ್ಲಿ ಅದು ಇರುವುದೇ ಅಷ್ಟಕ್ಕಷ್ಟೆ. 25 ಡಿಗ್ರಿ ಬಿಸಿಯ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಅದು 4ಕ್ಕಿಂತ ಕೆಳಗಿಳಿದರೆ ಮೀನಿಗೆ ಕಷ್ಟ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಎಸೆದ ತಕ್ಷಣ ಮುತ್ತಿಕೊಳ್ಳುವ ದೇವರ ಮೀನುಗಳಿವೆಯಲ್ಲ, ಅವು ಅಷ್ಟು ಚುರುಕಾಗಿರುವುದು ನೀರಿನಲ್ಲಿ ಉಸಿರು ಇರುವುದರಿಂದ.

ಕೊಳೆ ಎಷ್ಟು ಆಮ್ಲಜನಕ ಬೇಡುತ್ತದೆ ಎನ್ನುವ ಅಳತೆಗೆ ಬಿಒಡಿ ಎನ್ನುತ್ತಾರೆ. ನಮ್ಮ ದೇಶದ ಪದ್ಧತಿಯಲ್ಲಿ ನೀರಿನ ಮಾದರಿಯನ್ನು ಬಾಟಲಿಯಲ್ಲಿ ಮುಚ್ಚಿ, ಕತ್ತಲಲ್ಲಿ, 27 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಮೊದಲ ದಿನ ಇದ್ದ ಆಮ್ಲಜನಕ ಎಷ್ಟು, ಮೂರನೇ ದಿನ ಉಳಿದದ್ದು ಎಷ್ಟು, ಅದೇ ಲೆಕ್ಕ. ಊರಿನ ಹಸಿ ಕೊಳಚೆಯಲ್ಲಿ ಬಿಒಡಿ ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಸ್ನಾನಕ್ಕೆ ಯೋಗ್ಯ ಎನ್ನುವ ಹೊಳೆಯಲ್ಲಿ ಅದು 3 ದಾಟಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ನದಿಯನ್ನು ಮಲಿನ ಎಂದು ಗುರುತಿಸುವ ಗೆರೆಯೂ ಇದೇ 3. ಆ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳ ಪಟ್ಟಿ ಮಾಡಿತು. ಕರ್ನಾಟಕದ್ದು 17. ತುಂಗಾ, ಭದ್ರಾ, ಅರ್ಕಾವತಿಯ ಜೊತೆಗೆ ನಮ್ಮ ಯಗಚಿಯ ಹೆಸರೂ ಅದರಲ್ಲಿತ್ತು. ಪಕ್ಕದಲ್ಲಿ ದೊಡ್ಡ ಕಾರ್ಖಾನೆಗಳ ಸಾಲೇನೂ ಇಲ್ಲದ ಹೊಳೆ ಇದು.

ಏಳು ಕ್ಯುಸೆಕ್ಕಿನ ಲೆಕ್ಕ

25 ಸಾವಿರ ಜನರ ಊರು ಅಂತ ಇಟ್ಟುಕೊಳ್ಳೋಣ. ಸಕಲೇಶಪುರ, ಬೇಲೂರು ಹೆಚ್ಚುಕಡಿಮೆ ಈ ಅಳತೆಯವೇ. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎನ್ನುವುದು ಒಳಚರಂಡಿ ಇರುವ ಊರುಗಳಿಗೆ ಸರ್ಕಾರದ ಮಾನದಂಡ. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬರುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಆಗ ದಿನಕ್ಕೆ 27 ಲಕ್ಷ ಲೀಟರ್ ಆಯಿತು. ಬಿಒಡಿ 250 ಅಂತ ಹಿಡಿದರೆ, ಈ ಊರು ದಿನಕ್ಕೆ 675 ಕೆ.ಜಿ. ಆಮ್ಲಜನಕ ಬೇಡುವ ಕೊಳೆಯನ್ನು ಹೊಳೆಗೆ ಬಿಡುತ್ತದೆ.

ಈಗ ಹೊಳೆಯ ಕಡೆ ಬನ್ನಿ. ಬೇಸಿಗೆಯಲ್ಲಿ ಅದು 7 ಕ್ಯುಸೆಕ್ಕಿಗೆ ಇಳಿದಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ ಸುಮಾರು 200 ಲೀಟರ್. ಲೀಟರಿಗೆ 8 ಮಿಲಿಗ್ರಾಂನಂತೆ ಆ ಹೊಳೆ ಇಡೀ ದಿನದಲ್ಲಿ ಹೊತ್ತು ತರುವ ಆಮ್ಲಜನಕ 138 ಕೆ.ಜಿ. ಮಾತ್ರ. ಬೇಡಿಕೆ 675, ಇರುವುದು 138. ಬೇಡಿಕೆ ಎಲ್ಲ ಒಂದೇ ದಿನಕ್ಕೆ ಬರುವುದಿಲ್ಲ, ಮೈಲಿಗಟ್ಟಲೆ ಹರಿಯುತ್ತಾ ಹಂಚಿಹೋಗುತ್ತದೆ ಎನ್ನುವುದು ನಿಜ. ಹೊಳೆ ಬಂಡೆಗಳ ಮೇಲೆ ಧುಮುಕುವಾಗ ಗಾಳಿಯಿಂದ ಒಂದಿಷ್ಟು ಆಮ್ಲಜನಕ ಮತ್ತೆ ಸಿಗುತ್ತದೆ. ಆದರೂ ಇಷ್ಟು ಅಂತರವನ್ನು ತುಂಬಿಕೊಳ್ಳುವುದು ಅದರ ಕೈಲಾಗದ ಮಾತು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ನೀರು ಕಪ್ಪಾಗುವುದು, ಗುಳ್ಳೆ ಏಳುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಇದೇ ಕಾರಣಕ್ಕೆ. ಆಮ್ಲಜನಕ ಮುಗಿದ ಜಾಗದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಕೆಲಸಕ್ಕೆ ಕೂರುತ್ತವೆ.

ಇದೇ ಕೊಳಚೆಯನ್ನು ಘಟಕ ಬಿಒಡಿ 30ಕ್ಕೆ ಇಳಿಸಿ ಬಿಟ್ಟರೆ? ಬೇಡಿಕೆ ದಿನಕ್ಕೆ 81 ಕೆ.ಜಿ.ಗೆ ಇಳಿಯುತ್ತದೆ. ಹೊಳೆ ಬದುಕುತ್ತದೆ. ಆದರೆ ಮೊದಲೇ ಬಿಒಡಿ 2 ಇರುವ ಹೊಳೆಗೆ ಇದು ಬೆರೆತರೆ ಒಟ್ಟು ಸುಮಾರು 5.8 ಆಗುತ್ತದೆ. 3ರ ಗೆರೆ ದಾಟಿತು. ಘಟಕದಿಂದ ಹೊರಬರುವ ನೀರು 10 ಇದ್ದರೆ? ಬೆರೆತ ಮೇಲೆ 3.1. ಸರಿಸುಮಾರು ಗೆರೆಯ ಮೇಲೆ ಬಂದು ನಿಂತಿತು.

ಈ 30 ಮತ್ತು 10 ನಾನು ಸುಮ್ನೆ ಹಿಡಿದ ಅಂಕಿಗಳಲ್ಲ. 2017ರ ಕೇಂದ್ರದ ಅಧಿಸೂಚನೆ ಮಹಾನಗರಗಳ ಹೊರಗಿನ ಊರುಗಳಿಗೆ 30 ಸಾಕು ಎಂದಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಒಪ್ಪದೆ 10 ಇರಬೇಕು ಎಂದಿತು. ದೊಡ್ಡ ಊರಿಗೆ ಬಿಗಿ, ಸಣ್ಣ ಊರಿಗೆ ಸಡಿಲ ಎನ್ನುವುದು ಕೇಳುವುದಕ್ಕೆ ನ್ಯಾಯವೇ. ಆದರೆ ಸಣ್ಣ ಊರಿನ ಪಕ್ಕ ಹರಿಯುವ ಹೊಳೆಯೂ ಸಣ್ಣದೇ ಅಲ್ವಾ? ಏಪ್ರಿಲ್‌ನ ಯಗಚಿಗೆ 30 ಎನ್ನುವುದು ಉದಾರವಾದ ಅಂಕಿ.

ಇನ್ನು ಪುನರ್ವಸು, ಪುಷ್ಯ ಮಳೆ ಹೊಡೆಯುವ ದಿನಗಳು. ಗೊರೂರಿನ ಒಳಹರಿವು ಸಾವಿರಾರು ಕ್ಯುಸೆಕ್ ಅಂತ ದಿನಾ ಪತ್ರಿಕೆಯಲ್ಲಿ ಬರುವ ಕಾಲ. ನಮ್ಮ ಲೆಕ್ಕದ ಹೊಳೆ ಬರೀ 700 ಕ್ಯುಸೆಕ್ ಆಗಿದೆ ಎಂದುಕೊಂಡರೂ, ಒಂದು ಹನಿ ಸಂಸ್ಕರಿಸದೆ ಅಷ್ಟೂ ಕೊಳಚೆ ಬಿಟ್ಟರೂ ಬಿಒಡಿ 2.4 ಮಾತ್ರ ಬರುತ್ತದೆ. ಕಾಗದದಲ್ಲಿ ಹೊಳೆ ಶುದ್ಧ! ಹಾಗಾಗಿ ಯಾರಾದರೂ ಆಗಸ್ಟ್ ತಿಂಗಳ ವರದಿ ಹಿಡಿದು ನಮ್ಮ ಹೊಳೆ ಚೆನ್ನಾಗಿದೆ ಎಂದರೆ, ಹೂಂ ಅಂದು ಏಪ್ರಿಲ್ ತಿಂಗಳದ್ದು ಕೊಡಿ ಅಂತ ಕೇಳಿ. ವರ್ಷದ ಸರಾಸರಿಯೂ ಬೇಡ. ಮೀನು ಸರಾಸರಿಯಲ್ಲಿ ಉಸಿರಾಡುವುದಿಲ್ಲ.

ಘಟಕದ ಒಳಗೆ

ಹೊಳೆಯಲ್ಲಿ ಹತ್ತಾರು ಕಿಲೋಮೀಟರ್ ಉದ್ದಕ್ಕೆ, ದಿನಗಟ್ಟಲೆ ನಡೆಯಬೇಕಾದ ತಿನ್ನುವ ಕೆಲಸವನ್ನು ಒಂದು ತೊಟ್ಟಿಯೊಳಗೆ ಕೆಲವೇ ಗಂಟೆಗಳಲ್ಲಿ ಮುಗಿಸುವುದೇ ಘಟಕದ ಉಪಾಯ. ಹೊಸ ಜೀವಿಯೂ ಇಲ್ಲ, ಮಂತ್ರವೂ ಇಲ್ಲ. ಬ್ಯಾಕ್ಟೀರಿಯಾವನ್ನು ದಟ್ಟವಾಗಿ ಸಾಕುವುದು, ಅವಕ್ಕೆ ಬೇಕಾದಷ್ಟು ಗಾಳಿ ಊದುವುದು.

ಮೊದಲು ಬರುವುದು ಸ್ಕ್ರೀನ್, ಕಬ್ಬಿಣದ ಸರಳುಗಳ ಜರಡಿ. ಇಲ್ಲಿ ನಿಂತರೆ ಊರಿನ ಗುಟ್ಟೆಲ್ಲ ಗೊತ್ತಾಗುತ್ತದೆ. ಗುಟ್ಕಾ ಪೊಟ್ಟಣ, ಶಾಂಪೂ ಸ್ಯಾಷೆ, ಹರಿದ ಬಟ್ಟೆ, ಸ್ಯಾನಿಟರಿ ಪ್ಯಾಡ್, ತೆಂಗಿನ ನಾರು. ಇದನ್ನು ಆಗಾಗ ಕೆರೆದು ತೆಗೆಯದಿದ್ದರೆ ಮುಂದಿನ ಪಂಪ್ ಕಚ್ಚಿಕೊಳ್ಳುತ್ತದೆ. ಆಮೇಲೆ ಗ್ರಿಟ್ ಚೇಂಬರ್, ಮರಳು ಮಣ್ಣು ಕೂರುವ ಜಾಗ. ಮಲೆನಾಡಿನ ರಸ್ತೆಗಳ ಕೆಮ್ಮಣ್ಣು ಮಳೆಗಾಲದಲ್ಲಿ ಇಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ.

ನಿಜವಾದ ಕೆಲಸ ಏರೇಶನ್ ಟ್ಯಾಂಕ್‌ನಲ್ಲಿ. ತಳದಿಂದ ಬ್ಲೋವರ್ ಗಾಳಿ ಊದುತ್ತಿರುತ್ತದೆ, ಕಂದು ಬಣ್ಣದ ನೀರು ಕುದಿಯುವಂತೆ ಉಕ್ಕುತ್ತಿರುತ್ತದೆ. ಈ ಕಂದು ಬಣ್ಣವೇ ಬ್ಯಾಕ್ಟೀರಿಯಾ ಗುಂಪು ಗುಂಪಾಗಿ ಅಂಟಿಕೊಂಡ ಚೂರುಗಳು. ಅವು ಕೊಳೆ ತಿಂದು ಬೆಳೆಯುತ್ತವೆ. ಅಲ್ಲಿಂದ ನೀರು ಅಲುಗಾಟವಿಲ್ಲದ ಇನ್ನೊಂದು ತೊಟ್ಟಿಗೆ ಹೋಗುತ್ತದೆ. ಚೂರುಗಳು ತಳಕ್ಕೆ ಕೂರುತ್ತವೆ, ಮೇಲಿನ ತಿಳಿ ನೀರು ಅಂಚು ದಾಟಿ ಹೊರಗೆ ಹೋಗುತ್ತದೆ. ತಳದ ಕೆಸರಿನ ಒಂದು ಭಾಗವನ್ನು ಮತ್ತೆ ಗಾಳಿ ತೊಟ್ಟಿಗೆ ಪಂಪ್ ಮಾಡುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ. ಹೆಪ್ಪು ಕೆಟ್ಟರೆ ಘಟಕ ಕೆಟ್ಟಂತೆ. ಈಗೀಗ ಕಟ್ಟುವ ಅನೇಕ ಘಟಕಗಳಲ್ಲಿ ಗಾಳಿ ಊದುವುದು, ತಳ ಕೂರಿಸುವುದು, ತಿಳಿ ಬಸಿಯುವುದು ಎಲ್ಲವೂ ಒಂದೇ ತೊಟ್ಟಿಯಲ್ಲಿ ಸರದಿಯ ಮೇಲೆ ನಡೆಯುತ್ತದೆ. ಎಸ್‌ಬಿಆರ್ ಎನ್ನುವುದು ಇದಕ್ಕೇ.

ಘಟಕ ಆರೋಗ್ಯವಾಗಿದೆಯೋ ಇಲ್ಲವೋ ತಿಳಿಯಲು ಲ್ಯಾಬ್ ವರದಿಗೆ ಕಾಯಬೇಕಿಲ್ಲ. ಆಪರೇಟರುಗಳು ಒಂದು ಲೀಟರಿನ ಗಾಜಿನ ಸಿಲಿಂಡರ್ ಇಟ್ಟುಕೊಂಡಿರುತ್ತಾರೆ. ಗಾಳಿ ತೊಟ್ಟಿಯ ನೀರನ್ನು ಮಗ್ಗಿನಲ್ಲಿ ಎತ್ತಿ ಅದಕ್ಕೆ ತುಂಬಿ, ನೆರಳಿನಲ್ಲಿ ಅಲುಗಾಡದಂತೆ ಇಡುತ್ತಾರೆ. ಮೊದಲು ಇಡೀ ಸಿಲಿಂಡರ್ ಚಾಕೊಲೇಟ್ ಬಣ್ಣ. ಒಂದೆರಡು ನಿಮಿಷದಲ್ಲಿ ಚೂರುಗಳು ಒಂದಕ್ಕೊಂದು ಹಿಡಿದುಕೊಂಡು ದಪ್ಪವಾಗುತ್ತವೆ. ಮೇಲ್ಗಡೆ ಬೆರಳಷ್ಟು ತಿಳಿ ಕಾಣುತ್ತದೆ. ಕಂದು ಭಾಗ ಒಟ್ಟಿಗೇ, ಪರದೆ ಇಳಿದ ಹಾಗೆ, ಕೆಳಗೆ ಜಾರುತ್ತಾ ಹೋಗುತ್ತದೆ. ಅರ್ಧ ಗಂಟೆಗೆ ಅದು 250-300 ಮಿಲಿಲೀಟರ್ ಗೆರೆಯ ಹತ್ತಿರ ನಿಂತು, ಮೇಲಿನದ್ದು ಆಚೆ ಬದಿಯ ಬೆರಳು ಕಾಣುವಷ್ಟು ತಿಳಿಯಾಗಿದ್ದರೆ ಎಲ್ಲ ಸರಿ. ಮೂಗು ಹತ್ತಿರ ತಂದರೆ ಒದ್ದೆ ಮಣ್ಣಿನ ವಾಸನೆ ಬರಬೇಕು. ಕೆಸರು ಕಪ್ಪಗಿದ್ದು ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಚೂರುಗಳು ಹತ್ತಿಯ ಹಾಗೆ ಉಬ್ಬಿಕೊಂಡು 700, 800ರ ಗೆರೆಯಲ್ಲೇ ನಿಂತುಬಿಟ್ಟರೆ ಅದು ತೊಂದರೆಯ ಸೂಚನೆ. ಅಂಥ ದಿನ ಕೆಸರು ಕೂರದೆ ನೀರಿನ ಜೊತೆಗೇ ಹೊಳೆಗೆ ಹೋಗುತ್ತದೆ. ಘಟಕ ನೋಡಲು ಹೋಗುವ ಕೌನ್ಸಿಲರುಗಳು ಹೊಸ ಕಟ್ಟಡ, ಹೂಕುಂಡ ನೋಡಿಕೊಂಡು ಬರುತ್ತಾರೆ. ಅದರ ಬದಲು ಅರ್ಧ ಗಂಟೆ ಈ ಸಿಲಿಂಡರ್ ಎದುರು ಕೂತರೆ ಜಾಸ್ತಿ ತಿಳಿಯುತ್ತದೆ.

ಗಾಳಿ ಊದುವ ಬ್ಲೋವರ್‌ಗಳೇ ಘಟಕದ ಕರೆಂಟಿನಲ್ಲಿ ದೊಡ್ಡ ಪಾಲು ತಿನ್ನುವುದು. ಕರೆಂಟ್ ಹೋಗಿ ಜನರೇಟರ್ ಓಡದಿದ್ದರೆ ಬ್ಯಾಕ್ಟೀರಿಯಾಗೆ ಉಸಿರಿಲ್ಲ. ಕೆಲವು ಗಂಟೆ ತಡೆದುಕೊಳ್ಳುತ್ತವೆ. ಇಡೀ ದಿನ ಹೋದರೆ ಹೆಪ್ಪು ಹಾಳು. ಮತ್ತೆ ಬೆಳೆಸಲು ವಾರಗಳೇ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿಯುವ ನಮ್ಮ ಊರುಗಳಲ್ಲಿ ಡೀಸೆಲ್ ಬಿಲ್ಲಿಗೆ ನಗರಸಭೆ ಎಷ್ಟು ಇಟ್ಟಿದೆ ಎನ್ನುವುದು ಹೊಳೆಯ ಪ್ರಶ್ನೆಯೂ ಹೌದು.

ತಿಳಿಯಾಗಿ ಕಂಡ ನೀರೆಲ್ಲ ಸುರಕ್ಷಿತ ಎನ್ನುವಂತಿಲ್ಲ. ಹಸಿ ಕೊಳಚೆಯ 100 ಮಿಲಿಲೀಟರಿನಲ್ಲಿ ಮಲದ ಬ್ಯಾಕ್ಟೀರಿಯಾ ಹತ್ತು ಲಕ್ಷದಿಂದ ಕೋಟಿಯವರೆಗೆ ಇರುತ್ತವೆ. ಗಾಳಿ ತೊಟ್ಟಿ ದಾಟಿದ ಮೇಲೆ ನೂರಕ್ಕೆ 99 ಸತ್ತವು ಅಂತಲೇ ಇಟ್ಟುಕೊಳ್ಳಿ. ಆದರೂ ಹತ್ತು ಸಾವಿರದಿಂದ ಲಕ್ಷ ಉಳಿದವು! ಹೊರಬಿಡುವ ನೀರಿನಲ್ಲಿ ಅವು ಸಾವಿರದ ಒಳಗಿರಬೇಕು ಅಂತ 2017ರ ಅಧಿಸೂಚನೆ ಹೇಳುತ್ತದೆ. ಅದಕ್ಕೇ ಕೊನೆಯಲ್ಲಿ ಕ್ಲೋರಿನ್ ಹಾಕುವುದು. ಖರ್ಚು ಉಳಿಸಲು ಮೊದಲು ನಿಲ್ಲಿಸುವುದೂ ಸಾಮಾನ್ಯವಾಗಿ ಇದನ್ನೇ, ಏಕೆಂದರೆ ಹಾಕದಿದ್ದರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಕೆಳಗಿನ ಹಳ್ಳಿಯಲ್ಲಿ ಬಟ್ಟೆ ಒಗೆಯುವವರಿಗೆ, ಈಜುವ ಹುಡುಗರಿಗೆ ಹೊಟ್ಟೆ ಕೆಟ್ಟಾಗಲೂ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸಾರಜನಕ ಮತ್ತು ರಂಜಕ ಇನ್ನೊಂದು ಬಾಬತ್ತು. ಮೂತ್ರದಿಂದ, ಡಿಟರ್ಜೆಂಟಿನಿಂದ ಬರುವ ಇವೆರಡೂ ಗಿಡಕ್ಕೆ ಗೊಬ್ಬರ. ಬಿಒಡಿ ಮಾತ್ರ ನೋಡಿ ಕಟ್ಟಿದ ಹಳೆ ಘಟಕಗಳಿಂದ ಇವುಗಳಲ್ಲಿ ದೊಡ್ಡ ಭಾಗ ಹಾಗೇ ಪಾರಾಗುತ್ತದೆ. ಹರಿಯುವ ಹೊಳೆ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ನಿಂತ ನೀರು ತಾಳುವುದಿಲ್ಲ. ಯಗಚಿ, ಹೇಮಾವತಿ ಎರಡೂ ಸ್ವಲ್ಪವೇ ದೂರ ಹರಿದು ಜಲಾಶಯದಲ್ಲಿ ನಿಲ್ಲುತ್ತವೆ ಎನ್ನುವುದನ್ನು ಮರೆಯಬಾರದು. ಅಲ್ಲಿ ಪಾಚಿ ಬೆಳೆದು ನೀರು ಹಸಿರಾದರೆ ಕುಡಿಯುವ ನೀರಿನ ಘಟಕಕ್ಕೆ ಕೆಲಸ ಜಾಸ್ತಿ, ಆಲಂ ಜಾಸ್ತಿ, ಕ್ಲೋರಿನ್ ಜಾಸ್ತಿ. ಮೇಲಿನ ಊರು ಉಳಿಸಿದ ಹಣವನ್ನು ಕೆಳಗಿನ ಊರು ಕಟ್ಟುತ್ತದೆ. ಚಿಕ್ಕಮಗಳೂರಿನ ವಿಷಯದಲ್ಲಂತೂ ಎರಡೂ ಊರು ಒಂದೇ.

ಮನೆಯಿಂದ ಘಟಕದವರೆಗೆ

ಕೇಂದ್ರ ಮಂಡಳಿಯ 2020-21ರ ಲೆಕ್ಕದಂತೆ ದೇಶದ ನಗರಗಳಲ್ಲಿ ದಿನಕ್ಕೆ 72,368 ಎಂಎಲ್‌ಡಿ ಕೊಳಚೆ ಹುಟ್ಟುತ್ತದೆ. ಕಟ್ಟಿರುವ ಘಟಕಗಳ ಸಾಮರ್ಥ್ಯ 31,841. ನಿಜವಾಗಿ ಸಂಸ್ಕರಣೆ ಆಗುತ್ತಿದ್ದದ್ದು 20,236. ಕೊನೆಯ ಎರಡು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಘಟಕ ಕಟ್ಟಿದ್ದಾರೆ, ದುಡ್ಡು ಖರ್ಚಾಗಿದೆ, ಆದರೂ ಮೂರರಲ್ಲಿ ಒಂದು ಪಾಲು ಸಾಮರ್ಥ್ಯ ಖಾಲಿ ಬಿದ್ದಿದೆ. ಒಂದು ಕಾರಣ ಘಟಕ ಕೆಟ್ಟಿರುವುದು. ಇನ್ನೊಂದು, ಕೊಳಚೆ ಅಲ್ಲಿಗೆ ಬರುತ್ತಲೇ ಇಲ್ಲದಿರುವುದು.

ಬರುವುದಾದರೂ ಹೇಗೆ? ಮುಖ್ಯ ರಸ್ತೆಯಲ್ಲಿ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿಯ ಪೈಪು ಹೂತಿರುತ್ತಾರೆ, ಚೇಂಬರ್ ಕಟ್ಟಿರುತ್ತಾರೆ. ಮನೆಯಿಂದ ಚೇಂಬರಿಗೆ ಜೋಡಿಸುವುದು ಮನೆಯವರ ಖರ್ಚು. ಶೌಚಾಲಯದ ಪಿಟ್ ತುಂಬಿಲ್ಲ, ಬಚ್ಚಲ ನೀರು ಮೋರಿಗೆ ಹೋಗುತ್ತಿದೆ, ಈಗ ಯಾಕೆ ಅಂಗಳ ಅಗೆಯುವುದು ಅಂತ ಬಿಟ್ಟಿರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಅವರ ಮನೆ ಮುಂದೆ ವಾಸನೆ ಇಲ್ಲ, ತೊಂದರೆ ಇಲ್ಲ. ತೊಂದರೆ ಇರುವುದು ಹತ್ತು ಕಿಲೋಮೀಟರ್ ಕೆಳಗೆ.

ಮಲೆನಾಡಿಗೆ ಇನ್ನೊಂದು ಪೇಚಿದೆ. ಏರು ತಗ್ಗಿನ ಊರಿನಲ್ಲಿ ಕೊಳಚೆ ತಾನಾಗಿ ಒಂದೇ ಕಡೆಗೆ ಹರಿದು ಬರುವುದಿಲ್ಲ. ತಗ್ಗಿನ ಬಡಾವಣೆಗಳಲ್ಲಿ ವೆಟ್‌ವೆಲ್, ಅಂದರೆ ಕೊಳಚೆ ಬಂದು ಕೂಡುವ ಬಾವಿ ಕಟ್ಟಿ ಅಲ್ಲಿಂದ ಪಂಪ್ ಮಾಡಬೇಕು. ಈ ವೆಟ್‌ವೆಲ್‌ಗಳು ಸಾಮಾನ್ಯವಾಗಿ ಹೊಳೆ, ಹಳ್ಳದ ಪಕ್ಕದಲ್ಲೇ ಇರುತ್ತವೆ, ತಗ್ಗು ಇರುವುದೇ ಅಲ್ಲಿ ತಾನೆ. ಪಂಪ್ ನಿಂತರೆ ತುಂಬಿ ಉಕ್ಕಿ ಸೀದಾ ಹಳ್ಳಕ್ಕೆ. ಆ ಹೊತ್ತಿನಲ್ಲಿ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿದರೆ ಬಿಒಡಿ 8 ಬರಬಹುದು, ಹಾರ ಹಾಕುವಷ್ಟು ಚೆನ್ನಾದ ಫಲಿತಾಂಶ. ಹೊಳೆ ಮಾತ್ರ ನಾರುತ್ತಿರುತ್ತದೆ.

ಮಳೆ ಬಂತೆಂದರೆ ಉಲ್ಟಾ ತೊಂದರೆ. ತಾರಸಿ ನೀರಿನ ಪೈಪನ್ನು ಯುಜಿಡಿ ಚೇಂಬರಿಗೆ ಕೊಟ್ಟಿರುವ ಮನೆಗಳು ಪ್ರತಿ ಬೀದಿಯಲ್ಲೂ ಸಿಗುತ್ತವೆ. ಜುಲೈನಲ್ಲಿ ಮೂರು ದಿನ ಸತತ ಹಿಡಿದರೆ ಪೈಪಿನಲ್ಲಿ ಕೊಳಚೆಗಿಂತ ಮಳೆನೀರೇ ಹೆಚ್ಚು. ಚೇಂಬರ್ ಮುಚ್ಚಳ ಎದ್ದು ರಸ್ತೆಗೆ ಉಕ್ಕುತ್ತದೆ. ಘಟಕ ಮುಟ್ಟಿದ ನೀರು ಏರೇಶನ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೇ ಕೊಚ್ಚಿಕೊಂಡು ಹೋಗುತ್ತದೆ.

ಇಲ್ಲಿ ನನ್ನದೊಂದು ವಾದ ಇದೆ. ಪ್ರತಿ ಮನೆಗೆ ಸಂಪರ್ಕ ಕೊಡಿಸುವ ಕೆಲಸ ಆಗಲೇಬೇಕು, ಆದರೆ ಅದಕ್ಕೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ರಾಜಕಾಲುವೆ ಹೊಳೆ ಸೇರುವ ಬಾಯಿಯಲ್ಲೇ ಸಣ್ಣ ಅಡ್ಡಗಟ್ಟೆ ಹಾಕಿ, ಬರುವ ನೀರನ್ನು ಪೈಪಿಗೆ ತಿರುಗಿಸಿ ಘಟಕಕ್ಕೆ ಒಯ್ಯಬಹುದು. ಬೇಸಿಗೆಯ ರಾಜಕಾಲುವೆಯಲ್ಲಿ ಮಳೆನೀರು ಇರುವುದಿಲ್ಲ. ಅಲ್ಲಿ ಹರಿಯುವುದೆಲ್ಲ ಬಚ್ಚಲು, ಹೋಟೆಲ್ಲು, ಪಿಟ್ಟಿನ ಸೋರಿಕೆ. ಮಳೆಗಾಲದಲ್ಲಿ ನೀರು ಕಟ್ಟೆ ಮೇಲೆ ಹಾರಿ ಹೊಳೆಗೆ ಹೋಗುತ್ತದೆ, ಹೋಗಲಿ. ಆಗ ಹೊಳೆಯಲ್ಲಿ ನೂರು ಪಟ್ಟು ನೀರಿರುತ್ತದೆ. ಇದು ಅರೆಬರೆ ಉಪಾಯ ಎಂದು ಎಂಜಿನಿಯರುಗಳು ಮೂಗು ಮುರಿಯುತ್ತಾರೆ. ಮಳೆಗಾಲದಲ್ಲಿ ರೋಗಾಣು ಹರಡುವುದನ್ನು ಇದು ತಡೆಯುವುದಿಲ್ಲ ಎನ್ನುವ ಅವರ ಆಕ್ಷೇಪ ಸರಿಯಾದದ್ದೇ. ಮೊದಲ ಹೂ ಮಳೆಯ ಕಾಟವೂ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂ ಬಿಡಿಸುವ ಅದೇ ಮಳೆ ಚರಂಡಿಗಳಲ್ಲಿ ತಿಂಗಳುಗಟ್ಟಲೆ ಕೂತ ಕೆಸರನ್ನೆಲ್ಲ ಒಂದೇ ಏಟಿಗೆ ಬಡ ಹೊಳೆಗೆ ತಳ್ಳುತ್ತದೆ. ಮೀನು ತೇಲುವುದು ಇಂಥ ಬೆಳಗ್ಗೆಗಳಲ್ಲೇ. ಹಾಗಾಗಿ ಮಾರ್ಚ್‌ಗೆ ಮುಂಚೆ ಚರಂಡಿ ಹೂಳು ಎತ್ತಿಸುವ ಕೆಲಸ ಇದರ ಜೊತೆಗೇ ಆಗಬೇಕು. ಮೇ ಕೊನೆಗೆ ಎತ್ತಿಸುವುದು ರಸ್ತೆಯ ಮೇಲೆ ನೀರು ನಿಲ್ಲದಿರಲು ಸರಿ, ಹೊಳೆಗೆ ತಡವಾಯಿತು.

ಯುಜಿಡಿ ಮುಟ್ಟದ ಹೋಂಸ್ಟೇ, ರೆಸಾರ್ಟ್‌ಗಳ ಪಿಟ್ ತುಂಬಿದಾಗ ಸಕ್ಕಿಂಗ್ ಗಾಡಿ ಬರುತ್ತದೆ. ವಾರಾಂತ್ಯಕ್ಕೆ ಗಿರಿ ಹತ್ತುವ ವಾಹನಗಳ ಸಾಲು ನೋಡಿದರೆ ಪಿಟ್ ಎಷ್ಟು ಬೇಗ ತುಂಬುತ್ತದೆ ಅಂತ ಊಹಿಸಬಹುದು. ಗಾಡಿ ತುಂಬಿಕೊಂಡದ್ದನ್ನು ಎಲ್ಲಿ ಸುರಿಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಪಿಟ್ಟಿನ ಈ ಗಟ್ಟಿ ಕೆಸರು ಮಾಮೂಲಿ ಕೊಳಚೆಗಿಂತ ಎಷ್ಟೋ ಪಟ್ಟು ಗಡುಸು, ಒಂದು ಗಾಡಿ ಹಳ್ಳಕ್ಕೆ ಸುರಿದರೂ ಸಾಕು. ಇದಕ್ಕೆಂದೇ ಪ್ರತ್ಯೇಕ ಮಲತ್ಯಾಜ್ಯ ಘಟಕ ಇರಬೇಕು. ದೇವನಹಳ್ಳಿಯಲ್ಲಿ ಅಂಥದ್ದು 2015ರಿಂದಲೇ ಇದೆ.

ಎಲ್ಲ ಪಾಪವನ್ನೂ ಊರಿನ ತಲೆಗೆ ಕಟ್ಟುವುದೂ ಸರಿಯಲ್ಲ. ಕಾಫಿ ಹಣ್ಣು ಪಲ್ಪಿಂಗ್ ಮಾಡಿದ ನೀರಿನ ಬಿಒಡಿ ಲೀಟರಿಗೆ ಸಾವಿರಾರು ಮಿಲಿಗ್ರಾಂ, ಜೊತೆಗೆ ಹುಳಿ ಬೇರೆ. ನವೆಂಬರಿನಿಂದ ಫೆಬ್ರವರಿವರೆಗೆ, ಹೊಳೆ ಇಳಿಯುತ್ತಾ ಬರುವ ಹೊತ್ತಿಗೇ ಇದೂ ನಡೆಯುತ್ತದೆ. ಒಂದು ದೊಡ್ಡ ತೋಟದ ಪಲ್ಪರ್ ನೀರು ಹೊಂಡದಲ್ಲಿ ನಿಲ್ಲದೆ ಹಳ್ಳಕ್ಕೆ ಜಾರಿದರೆ ಊರೆಲ್ಲ ಸೇರಿ ಉಳಿಸಿದ್ದು ಒಂದು ವಾರದಲ್ಲಿ ಹೋಗುತ್ತದೆ. ಅದರ ಕಥೆ ಬೇರೆಯೇ ಬರೆಯುವಷ್ಟಿದೆ.

ಕಟ್ಟುವವರು ಒಬ್ಬರು, ನಡೆಸುವವರು ಒಬ್ಬರು

ಸಾಮಾನ್ಯವಾಗಿ ಘಟಕ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ದುಡ್ಡು ಕೇಂದ್ರದ ಅಮೃತ್‌ನಂಥ ನಗರ ಯೋಜನೆಗಳಿಂದ ಬರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಆ ಪಟ್ಟಿಯಲ್ಲಿದ್ದ ಊರುಗಳೇ. ಕಟ್ಟಿ ಮುಗಿದ ಮೇಲೆ ನಡೆಸುವ ಹೊಣೆ ಸ್ಥಳೀಯ ಸಂಸ್ಥೆಯದು. ಕಟ್ಟಲು ಕೇಂದ್ರ, ರಾಜ್ಯ ದುಡ್ಡು ಕೊಡುತ್ತವೆ. ತಿಂಗಳ ಕರೆಂಟ್ ಬಿಲ್, ಕ್ಲೋರಿನ್, ಆಪರೇಟರ್ ಸಂಬಳ ಊರಿನ ಜೇಬಿನಿಂದ. ಪುರಸಭೆಯಲ್ಲಿ ಬೀದಿ ದೀಪ ಕೆಟ್ಟರೆ ಮಾರನೇ ದಿನ ಫೋನ್ ಬರುತ್ತದೆ. ಬ್ಲೋವರ್ ಕೆಟ್ಟರೆ ಯಾರೂ ಫೋನ್ ಮಾಡುವುದಿಲ್ಲ.

ಕರೆಂಟೇ ಬೇಡದ ಹಳೆ ದಾರಿಯೂ ಇದೆ. ಆಕ್ಸಿಡೇಶನ್ ಪಾಂಡ್, ಅಂದರೆ ಸಾಲಾಗಿ ಮೂರ್ನಾಲ್ಕು ಆಳವಿಲ್ಲದ ಕೆರೆ. ಕೊಳಚೆ ಒಂದರಿಂದ ಒಂದಕ್ಕೆ ನಿಧಾನವಾಗಿ ಸಾಗುತ್ತದೆ. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ. ಕೊನೆಯ ಕೆರೆಗೆ ಬರುವ ಹೊತ್ತಿಗೆ ಬಿಸಿಲಿಗೇ ಬಹಳಷ್ಟು ರೋಗಾಣು ಸತ್ತಿರುತ್ತವೆ. ಬಯಲುಸೀಮೆಯ ಕಡೂರು, ಅರಸೀಕೆರೆ ಕಡೆ ಇದು ಒಳ್ಳೆಯ ಉಪಾಯ ಅಂತ ನನಗನ್ನಿಸುತ್ತದೆ. ಸಕಲೇಶಪುರಕ್ಕೆ ಹೊಂದುವುದು ಕಷ್ಟ. ನಮ್ಮ ಲೆಕ್ಕದ 27 ಲಕ್ಷ ಲೀಟರನ್ನು 15 ದಿನ ಒಂದೂವರೆ ಮೀಟರ್ ಆಳದಲ್ಲಿ ನಿಲ್ಲಿಸಲು ಏರಿಗಳನ್ನೂ ಸೇರಿಸಿ ಏಳೆಂಟು ಎಕರೆ ಸಮತಟ್ಟು ಜಾಗ ಬೇಕು. ಗುಡ್ಡದ ಊರಿನಲ್ಲಿ ಅಷ್ಟು ಸಮತಟ್ಟು ಸಿಗುವುದು ಗದ್ದೆ ಬಯಲಿನಲ್ಲಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮುಖ ಕಾಣುವುದೂ ಅಪರೂಪ. ಆದರೆ ಘಟಕ ಆರಿಸುವಾಗ ಈ ಲೆಕ್ಕಗಳನ್ನು ಊರು ಊರಿಗೂ ಬೇರೆಯಾಗಿ ಹಾಕಬೇಕು. ಒಂದೇ ಟೆಂಡರ್ ನಮೂನೆಯನ್ನು ಕಡೂರಿಗೂ ಕಳಸಕ್ಕೂ ಹೊಲಿಸಿದರೆ ಒಂದು ಕಡೆಯಾದರೂ ತೊಂದರೆ ಖಂಡಿತ.

ಹಾಗಾಗಿ ವಾರ್ಡ್ ಸಭೆಯಲ್ಲಾಗಲಿ, ಮಾಹಿತಿ ಹಕ್ಕಿನ ಅರ್ಜಿಯಲ್ಲಾಗಲಿ ಎಷ್ಟು ಎಂಎಲ್‌ಡಿ ಅಂತ ಕೇಳಬೇಡಿ. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ಘಟಕಕ್ಕೆ ದಿನಾ ಎಷ್ಟು ನೀರು ಬಂತು ಎಂದು ಕೇಳಿ. ಊರಿಗೆ ಕೊಟ್ಟ ನಲ್ಲಿ ನೀರಿನ ನೂರಕ್ಕೆ 80 ಪಾಲಿಗೂ ಇದಕ್ಕೂ ಎಷ್ಟು ಅಂತರವೋ ಅಷ್ಟು ಕೊಳಚೆ ದಾರಿಯಲ್ಲಿ ತಪ್ಪಿಸಿಕೊಂಡಿದೆ ಅಂತ ಅರ್ಥ. ಎಲ್ಲ ವೆಟ್‌ವೆಲ್ ಪಂಪ್‌ಗಳ ಲಾಗ್ ಪುಸ್ತಕ ಕೇಳಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತೆಗೆದ ಹೊಳೆ ಮಾದರಿ ಊರಿನ ಮೇಲ್ಗಡೆಯದೋ ಕೆಳಗಡೆಯದೋ ನೋಡಿ. ಎರಡೂ ಇದ್ದರೆ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಕಳೆಯಿರಿ. ಮಾದರಿ ತೆಗೆದ ಹೊತ್ತನ್ನೂ ಗಮನಿಸಿ. ಹಗಲು ಪಾಚಿ ಆಮ್ಲಜನಕ ಬಿಡುವುದರಿಂದ ಮಧ್ಯಾಹ್ನದ ಹೊಳೆ ಚೆನ್ನಾಗಿ ಕಾಣುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಉಣ್ಣುತ್ತದೆ. ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ಅಳೆದರೆ ಬರುವುದೇ ಅತಿ ಕಡಿಮೆ ಅಂಕಿ, ಮತ್ತು ಮೀನು ಉಳಿಯುತ್ತದೋ ಇಲ್ಲವೋ ಎನ್ನುವುದು ಆ ಅಂಕಿಯ ಮೇಲೆ ನಿಂತಿರುತ್ತದೆ.